ನೂರು ಮೀಟರಿನ ಮಾದಮ್ಮ

‘ಯಾವ ಪುಣ್ಯಾತ್ಮನಪ್ಪಾ ಇದನ್ನ ಇಲ್ಲಿಗ್ ತಂದು ತಗಲಾಕ್ದೋನು?’

ಬೆಳಗಿನ ಆರು ಗಂಟೆ. ನಂಜನಗೂಡಿನ ಖಾಸಗಿ ಪಾಲಿಟೆಕ್ನಿಕ್ಕೊಂದರ ಕಾರಿಡಾರಿನಲ್ಲಿ ನರಪಿಳ್ಳೆಯಿಲ್ಲ. ಮಾದಮ್ಮ ಕೇಳುತ್ತಿರುವುದು ಗೋಡೆಯನ್ನೋ ಏಣಿಯನ್ನೋ, ಅವರಿಗೇ ಗೊತ್ತಿಲ್ಲ. ಲ್ಯಾಬಿನ ಕಂಪ್ಯೂಟರುಗಳು ಗಳಿಗೆಗೊಮ್ಮೆ ಸಂಪರ್ಕ ಕಳೆದುಕೊಳ್ಳುತ್ತಿವೆ ಎಂಬ ದೂರಿಗೆ ಓಡಿಬಂದರೆ, ಹೋದ ತಿಂಗಳು ಕಟ್ಟಡದ ನಟ್ಟನಡುವೆ ಅವರೇ ಕೂರಿಸಿದ್ದ ನೆಟ್‌ವರ್ಕ್ ಪೆಟ್ಟಿಗೆ ಆಗ್ನೇಯಕ್ಕೆ ಹೋಗಿ ಕೂತಿದೆ. ಕರೆಂಟಿನದ್ದೆಲ್ಲ ಅಗ್ನಿಮೂಲೆಯಲ್ಲೇ ಇರಬೇಕೆಂದು ವಾಸ್ತು ನೋಡುವವರು ಹೇಳಿದರಂತೆ. ಪೆಟ್ಟಿಗೆಯಿಂದ ಲ್ಯಾಬಿಗೆ ಅರವತ್ತು ಮೀಟರ್ ಇದ್ದ ತಂತಿಗೆ ಯಾರೋ ತುಂಡು ಸೇರಿಸಿ ಟೇಪು ಸುತ್ತಿದ್ದಾರೆ. ಈಗದು ನೂರಾ ಮೂವತ್ತೆರಡು.

‘ಅಗ್ನಿದೇವ್ರು ಏನೂ ಅಂದಿಲ್ಲ. ತಂತಿ ನೂರು ಮೀಟ್ರು ದಾಟ್ಬಾರ್ದು, ಸಿಗ್ನಲ್ ಸೋಲ್ತದೆ ಅಂತ ಇಂಜಿನಿಯರ್‌ಗಳು ಅಂದವ್ರೆ, ಅದ್ನ ಕೇಳೋರಿಲ್ಲ,’ ಎಂದು ಗೊಣಗುತ್ತಾರೆ.

ಚಹಾ ತಂದ ವಾಚ್‌ಮನ್ ಬೆಟ್ಟಯ್ಯನಿಗೆ ನಗು. ‘ಮೂವತ್ ಮೀಟ್ರಿಗೆ ಇಷ್ಟೊಂದ್ ರಂಪಾನಾ ಅಕ್ಕೋ? ಉಲ್ಲಳ್ಳಿ ಬಸ್ಸಲ್ಲಿ ಐವತ್ ಸೀಟ್ಗೆ ನೂರ್ ಜನ ಓಗಾಕಿಲ್ವಾ?’

‘ಓಯ್ತಾರೆ. ದಿಬ್ಬದ ತಾವ ಇಳ್ದು ತಳ್ಳೋರೂ ಅವ್ರೇಯ!’

ತಾಂಡವಪುರದ ಮಾದಮ್ಮನಿಗೆ ನಲವತ್ತೆರಡು. ಹನ್ನೊಂದು ವರ್ಷ ಮೋಟಾರ್ ಕಾಯಿಲ್ ಸುತ್ತಿದ ಕೈ. ೧೯೯೯ರಲ್ಲಿ ಆ ವರ್ಕ್‌ಶಾಪಿಗೆ ಬೀಗ ಬಿದ್ದಾಗ, ಮೈಸೂರಿನಲ್ಲಿ ಇಂಜಿನಿಯರುಗಳ ಸಂಘವೊಂದು ನಡೆಸಿದ ಮೂರು ದಿನದ ತರಬೇತಿಗೆ ಹೋದರು. ಮೂವತ್ತು ಗಂಡಸರ ನಡುವೆ ಒಬ್ಬರೇ ಹೆಂಗಸು. ಇಂಗ್ಲಿಷಿನ ಪಾಠ ಅರ್ಧ ತಲೆಯ ಮೇಲೆ ಹೋಯಿತು. ನೆಟ್‌ವರ್ಕ್ ತಂತಿಯೊಳಗಿನ ಎಂಟು ಎಳೆಗಳ ಬಣ್ಣದ ಸಾಲು ಮಾತ್ರ ನಾಲಗೆಯಲ್ಲಿ ನಿಂತಿತು. ಕಿತ್ತಳೆಪಟ್ಟೆ, ಕಿತ್ತಳೆ, ಹಸಿರುಪಟ್ಟೆ, ನೀಲಿ, ನೀಲಿಪಟ್ಟೆ, ಹಸಿರು, ಕಂದುಪಟ್ಟೆ, ಕಂದು. ಹಾಲು ಕರೆಯುವಾಗಲೂ ಅದೇ ಪಠಣ. ಐದು ವರ್ಷದಿಂದ ತಂತಿಯ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ತಿ. ನರಸೀಪುರದವರೆಗೂ ಬಸ್ಸು ಹತ್ತುತ್ತಾರೆ. ದಿನಕ್ಕೆ ಅರವತ್ತು ತಂತಿಗಳ ತುದಿಗೆ ಪ್ಲಗ್ ಒತ್ತುತ್ತಾರೆ.

‘ನಾನ್ ಒತ್ತಿದ್ ಪ್ಲಗ್ಗು ಜಪಾನ್ ಮಿಷಿನ್‌ಗೂ ಕೂರ್ಬೇಕು. ಅದ್ಕೇ ಕಣಣ್ಣ, ಲೋಕದೋರೆಲ್ಲ ಸೇರಿ ಒಂದ್ ನಿಯಮ ಮಾಡ್ಕಂಡವ್ರೆ. ನಮ್ಮೋರ್ ಮಾತ್ರ ಮೂಲೆ ನೋಡ್ತಾರೆ,’ ಎಂದು ಬೆಟ್ಟಯ್ಯನಿಗೆ ಹೇಳುತ್ತಾರೆ.

ಒಂಬತ್ತಕ್ಕೆ ಪ್ರಿನ್ಸಿಪಾಲ್ ಅನಂತಪದ್ಮನಾಭ ಬೆವರೊರೆಸಿಕೊಳ್ಳುತ್ತ ಬರುತ್ತಾರೆ. ಹನ್ನೊಂದಕ್ಕೆ, ಮಾದಮ್ಮನಿಗೆ ತರಬೇತಿ ಕೊಟ್ಟ ಅದೇ ಇಂಜಿನಿಯರುಗಳ ಸಂಘದವರ ಪರಿಶೀಲನೆ. ಒಪ್ಪಿದರೆ ಕಾಲೇಜಿಗೆ ಸಂಘದ ವಿದ್ಯಾರ್ಥಿ ಶಾಖೆ ಸಿಗುತ್ತದೆ. ತಂತಿ ನಿಯಮಕ್ಕೆ ತಕ್ಕಂತಿದೆ ಎಂಬ ತಪಾಸಣೆಯ ಹಾಳೆಗೆ, ಅದನ್ನು ಎಳೆದ ಮಾದಮ್ಮನ ಸಹಿ ಬೇಕು.

‘ಪೆಟ್ಗೆನ ಮೊದ್ಲಿನ್ ಜಾಗಕ್ ತರಾನ ಸಾ. ಒಂದ್ ಗಂಟೆ ಕೆಲ್ಸ.’

‘ಇವತ್ತು ಶುಕ್ರವಾರ, ಅಗ್ನಿಮೂಲೆಯಿಂದ ಏನನ್ನೂ ಎತ್ತೋ ಹಾಗಿಲ್ಲಮ್ಮ. ತೊಂಬತ್ತು ಮೀಟರ್ ಅಂತ ಬರೆದು ಸೈನ್ ಹಾಕಿ. ಅವರೇನು ಟೇಪ್ ಹಿಡಿದು ಅಳೀತಾರಾ? ಹೊಸ ಬ್ಲಾಕಿನ ಕೆಲಸವೂ ನಿಮಗೇ. ಇಲ್ಲಾಂದ್ರೆ ಮೈಸೂರಿನವರು ಕಾಯ್ತಾ ಇದ್ದಾರೆ, ನೋಡಿ.’

ಹೊಸ ಬ್ಲಾಕೆಂದರೆ ಇನ್ನೂರು ಸಂಪರ್ಕ, ಮಾದಮ್ಮನಿಗೆ ಆರು ತಿಂಗಳ ಅನ್ನ. ಅವರು ಪೆನ್ನು ತೆಗೆದುಕೊಳ್ಳುತ್ತಾರೆ. ಉದ್ದದ ಜಾಗದಲ್ಲಿ ೧೩೨ ಎಂದು ದಪ್ಪಗೆ ಬರೆದು, ಪೆನ್ನಿಗೆ ಮುಚ್ಚಳ ಹಾಕಿ, ಹಾಳೆಯನ್ನು ಪ್ರಿನ್ಸಿಪಾಲರ ಕೈಗೇ ಕೊಡುತ್ತಾರೆ.

‘ಸೈನ್ ಆಕಾಕಿಲ್ಲ ಸಾ.’