ಆಲೆ ಮರದ ಬಳೆಕಾಸು

ಗಫೂರ್ ಸಾಬರು ಎದುರು ಬಂದವರ ಮುಖ ನೋಡುತ್ತಿರಲಿಲ್ಲ, ಕೀಗೊಂಚಲು ನೋಡುತ್ತಿದ್ದರು. ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡು ಕೊಳ್ಳಲು ಹೋದರೂ ಗೂಡು ಬಿಟ್ಟು ರೈತರ ಸೊಂಟವನ್ನೇ ದಿಟ್ಟಿಸುತ್ತಿದ್ದರು. ಹಳೇ ಕಾಲದ ಯಜಮಾನರು ಪೆಟ್ಟಿಗೆಯ ಕೀಯನ್ನು ಉಡಿದಾರಕ್ಕೆ ಕಟ್ಟಿಕೊಂಡಿರುತ್ತಾರಲ್ಲ, ಅದಕ್ಕೆ. “ಏನ್ ಸಾಬ್ರೇ, ಅಲ್ಲೇನ್ ನೋಡ್ತಿದ್ದೀರಿ?” ಎಂದು ಒಬ್ಬರು ಗಾಬರಿಯಿಂದ ಪಂಚೆ ಬಿಗಿ ಮಾಡಿಕೊಂಡಿದ್ದನ್ನು ನಾನೇ ಕಂಡಿದ್ದೇನೆ.

ಅವರು ಹುಡುಕುತ್ತಿದ್ದುದು ಬಳೆಕಾಸು. ಹಿಂದೆ ಕೆಲವು ಅಂಗಡಿಯವರು ನಾಣ್ಯದ ಸುತ್ತ ಅಲ್ಯೂಮಿನಿಯಂ ಬಳೆ ಕೂರಿಸಿ, ಅದರ ಮೇಲೆ ಅಂಗಡಿಯ ಹೆಸರು ಒತ್ತಿಸಿ, ಹಬ್ಬಕ್ಕೆ ಗಿರಾಕಿಗಳಿಗೆ ಹಂಚುತ್ತಿದ್ದರು. ಕೀಗೊಂಚಲಲ್ಲಿದ್ದರೆ ಅಂಗಡಿ ನೆನಪಿರುತ್ತದೆ ಎಂಬ ಲೆಕ್ಕ. ಸೋಡಾ ಫ್ಯಾಕ್ಟರಿಯದ್ದು, ಜವಳಿ ಅಂಗಡಿಯದ್ದು, ಕನಕಪುರದ ಯಾವುದೋ ಹಲ್ಲುಪುಡಿಯದ್ದು, ಎಲ್ಲವೂ ಸಾಬರ ಬಿಸ್ಕತ್ ಡಬ್ಬಿಯಲ್ಲಿದ್ದವು. ನನ್ನ ಜೆರಾಕ್ಸ್ ಅಂಗಡಿಗೆ ಬಂದು ಅವನ್ನು ಕೌಂಟರಿನ ಮೇಲೆ ಸುರಿದು, ತಿರುಗಿಸಿ ಮುರುಗಿಸಿ ನೋಡಿ, ತರಿಸಿದ ಟೀ ಕುಡಿಯದೆ ಎದ್ದುಬಿಡುತ್ತಿದ್ದರು. ಕೂತು ಮಾತಾಡುವುದು ಅವರ ಹಣೆಯಲ್ಲೇ ಬರೆದಿರಲಿಲ್ಲ. ಮಾಗಡಿಯ ಒಂದು ಮದುವೆಯಲ್ಲಿ ಎದುರು ಸಾಲಿನವರ ಜೇಬಿನಿಂದ ಏನೋ ಹೊಳೆಯಿತೆಂದು ಎಲೆ ಬಿಟ್ಟು ಎದ್ದು ಹೋದ ಮಹಾನುಭಾವರು! ಹೊಳೆದದ್ದು ಬಾಟಲಿ ಓಪನರ್.

ಆದರೆ ಬೇಕಾದ್ದು ಮಾತ್ರ ಡಬ್ಬಿಯಲ್ಲಿರಲಿಲ್ಲ. ಅವರ ತಂದೆಗೆ ಚನ್ನಪಟ್ಟಣದಲ್ಲಿ ಬೊಂಬೆ ಅಂಗಡಿಯಿತ್ತು. ಆತ ಬೊಂಬೆಗೆ ಬಳಸುವ ಆಲೆ ಮರದಲ್ಲಿ ತಾವೇ ಬಳೆ ಕಡೆದು, ಕೆಂಪು ಅರಗು ಹಚ್ಚಿ, ಹೆಸರು ಕೆತ್ತಿ, ನಡುವೆ ನಾಲ್ಕಾಣೆ ಕೂರಿಸಿ ಮಕ್ಕಳ ಕೈಗೆ ಕೊಡುತ್ತಿದ್ದರಂತೆ. ಮಕ್ಕಳು ಸುಮ್ಮನಿರುತ್ತಾರೆಯೇ? ಅಂಗಡಿ ದಾಟುತ್ತಲೇ ಕಲ್ಲಲ್ಲಿ ಕುಟ್ಟಿ ಬಳೆ ಒಡೆದು ನಾಲ್ಕಾಣೆ ಕಿತ್ತುಕೊಂಡರು.

“ನಮ್ಮಪ್ಪನ ಕೈಕೆಲ್ಸಾನೆಲ್ಲ ಪೆಪ್ಪರ್‌ಮಿಂಟ್ ಮಾಡ್ಕಂಡ್ ತಿಂದ್ಬುಟ್ರು ಕಣಪ್ಪ. ಅಂಗಡಿ ಇಲ್ಲ, ಒಂದ್ ಫೋಟೋ ಇಲ್ಲ. ಅವ್ರು ಮುಟ್ಟಿದ್ದು ಒಂದಾದ್ರೂ ನಾನು ಮುಟ್ಬೇಕು” ಎನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು. ಕೇಳಿ ನನಗೇ ಸಂಕಟವಾಗುತ್ತಿತ್ತು.

ಕೊನೆಗೆ ಅಂಥದ್ದೊಂದು ಒಡೆಯದೆ ಸಾತನೂರಿನ ಕಡೆಯ ಒಂದು ಮನೆಯಲ್ಲಿದೆ ಎಂದು ಗೊತ್ತಾಯಿತು. ಚಿಕ್ಕತಾಯಮ್ಮ ಎಂಬ ಮುದುಕಿಯ ಮಗ ಮಹದೇವನಿಗೆ ಚಿಕ್ಕಂದಿನಲ್ಲಿ ಜ್ವರ ಏರಿದಾಗ, ಆಕೆ ಕೈಗೆ ಸಿಕ್ಕ ಕಾಸನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಹಾಕಿ ಸಾವನದುರ್ಗದ ನರಸಿಂಹಸ್ವಾಮಿಗೆ ಮುಡಿಪು ಕಟ್ಟಿದ್ದರು. ಸಿಕ್ಕಿದ್ದು ಮಗು ಬೊಂಬೆ ಅಂಗಡಿಯಿಂದ ಆಗಷ್ಟೇ ತಂದಿದ್ದ ಬಳೆಕಾಸು. ಒಡೆಯುವ ಮೊದಲೇ ಅದು ಗಂಟು ಸೇರಿತ್ತು. ಮಗು ಉಳಿಯಿತು, ಬೆಟ್ಟಕ್ಕೆ ಹೋಗುವುದು ಮಾತ್ರ ಇವತ್ತು ನಾಳೆ ಎಂದು ಹಾಗೇ ಉಳಿದಿತ್ತು.

“ಒಂದ್ಸಲ ಬಿಚ್ಚಿ ತೋರ್ಸವ್ವ, ನೋಡಿ ಕೊಟ್ಬುಡ್ತೀನಿ” ಎಂದು ಸಾಬರು ಆ ಮನೆಗೇ ಹೋಗಿ ಅಂಗಲಾಚಿದರು.

“ದೇವ್ರಿಗೆ ಕಟ್ಟಿದ್ದು ಬಿಚ್ಚಂಗಿಲ್ಲ ಕಣಪ್ಪ. ಹುಂಡಿಗೇ ಹೋಗ್ಬೇಕು.”

ಅಲ್ಲಿಂದ ಸಾಬರ ನೆಮ್ಮದಿ ಹಾರಿಹೋಯಿತು. ಗೂಡಿನಿಂದ ನೂಲು ತೆಗೆಸುವ ಕೆಲಸದ ಮೇಲೆ ಗಮನವಿಲ್ಲ. ನನ್ನಂಗಡಿಗೆ ಬರುವುದು, ಹೋಗುವುದು, ಮತ್ತೆ ಬರುವುದು. ನೋಡಿ ನೋಡಿ ನನಗೇ ತಲೆ ಕೆಟ್ಟಿತು.

ಒಂದು ಬೆಳಿಗ್ಗೆ ಸಾಬರು ನನ್ನಂಗಡಿಯಲ್ಲಿದ್ದಾಗ ಮಹದೇವ ಲಗೇಜ್ ಆಟೋ ನಿಲ್ಲಿಸಿ ಒಳಗೆ ಬಂದ. ಈಗ ಅವನಿಗೇ ತಲೆ ನರೆತಿದೆ. ಕೌಂಟರಿನ ಮೇಲೆ ಅರಿಶಿನದ ಗಂಟು ಇಟ್ಟು, “ತಗಳಿ ಸಾಬ್ರೇ, ಪಾಪ ಎಷ್ಟ್ ಅಲೀತೀರಿ. ಬೇರೆ ಗಂಟು ಕಟ್ಟಿ ಅಲ್ಲೇ ಮಡಗಿವ್ನಿ. ಅವ್ವಂಗೆ ಗೊತ್ತಾಗಕಿಲ್ಲ” ಎಂದ.

ಸಾಬರು ಗಂಟು ಕೈಗೆತ್ತಿಕೊಂಡರು. ಬಟ್ಟೆಯ ಮೇಲಿಂದಲೇ ಹೆಬ್ಬೆರಳು ಬಳೆಯ ಸುತ್ತ ಓಡಿತು. ಉಗುರು ಗಂಟಿನೊಳಗೆ ಹೋಯಿತು. ನನಗೆ ತಡೆಯಲಾಗಲಿಲ್ಲ, “ಬಿಚ್ಚಿ ಸಾಬ್ರೇ!” ಎಂದೆ.

ಉಗುರು ಹೊರಗೆ ಬಂತು.

“ಅವ್ವಂಗೆ ಗೊತ್ತಾಗಕಿಲ್ಲ, ಸರಿ. ಆದ್ರೆ ಆ ಜ್ವರ ನಿಂದೇ ಕಣ್ಲಾ” ಎಂದರು ಮಹದೇವನಿಗೆ. “ತಗಿ ಗಾಡಿ.”

ನಾನೂ ಶಟರ್ ಎಳೆದು ಹತ್ತಿದೆ. ಸಾತನೂರು ಮುಟ್ಟುವವರೆಗೂ ಸಾಬರ ಬೆರಳು ಆ ಬಟ್ಟೆಯ ಮೇಲಿಂದ ಏಳಲಿಲ್ಲ. ಚಿಕ್ಕತಾಯಮ್ಮ ಗಂಟು ಕಂಡು ಎದೆ ಮುಟ್ಟಿಕೊಂಡರು. “ಅಯ್ಯೋ, ಇದೆಂಗ್ ಬಂತು ನಿನ್ ಕೈಗೆ?”

“ನಂದೇ ತಪ್ಪು ಕಣವ್ವ. ಆಸೆಗೆ ತರ್ಸ್ಕಂಡೆ. ಬಿಚ್ಚಿಲ್ಲ, ನೋಡು” ಎಂದರು ಸಾಬರು. ಮಹದೇವನ ಕಡೆ ತಿರುಗಿಯೂ ನೋಡಲಿಲ್ಲ. ಮುದುಕಿ ಗಂಟನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ತಾವು ಹಾಕಿದ ಗಂಟು ಹಾಗೇ ಇತ್ತು. “ಇನ್ ಮಡಿಕಳದ್ ಬ್ಯಾಡ. ನಡೀರಿ, ಇವತ್ತೇ ಹೋಗ್ಬುಡವ” ಎಂದರು.

ಸಾವನದುರ್ಗದಲ್ಲಿ ಚಿಕ್ಕತಾಯಮ್ಮ ಹುಂಡಿಯ ಮುಂದೆ ನಿಂತರು. ಆಕೆ ಒಮ್ಮೆ ದೇವರನ್ನು ನೋಡಿ, ಒಮ್ಮೆ ಸಾಬರನ್ನು ನೋಡಿ, ಗಂಟನ್ನು ಸಾಬರ ಅಂಗೈಗೆ ಇಟ್ಟರು. “ನಿಮ್ಮಪ್ಪ ಮಾಡಿದ್ದಲ್ವಾ? ನೀನೇ ಹಾಕು ಮಗ.”

ಸಾಬರು ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಹುಂಡಿಗೆ ಬಿಟ್ಟರು.

ಅವರ ಜೊತೆ ನಾನು ಹೋದ ಕೊನೆಯ ಪ್ರಯಾಣ ಅದು. ಆ ವರ್ಷವೇ ಸಾಬರು ತೀರಿಕೊಂಡರು. ಅಂದು ಹುಂಡಿಯ ಮೇಲೆ ಬಾಗಿ ಕಿವಿಗೊಟ್ಟು ನಿಂತಿದ್ದವರು ನನ್ನ ತೋಳು ಹಿಡಿದು ಕೇಳಿದ್ದರು:

“ಕೇಳಿಸ್ತಾ? ಬೇರೆ ಕಾಸಿನ್ ತರ ಅಲ್ಲ ಕಣಪ್ಪ. ಮರದ ಸದ್ದು ಅದು. ನಮ್ಮಪ್ಪಂದು.”

ನನಗೆ ಏನೂ ಕೇಳಿಸಿರಲಿಲ್ಲ. ಕೇಳಿಸಿತು ಎಂದೆ.