ಎರಡು ದಿನದ ಏಕಾದಶಿ

ನಮ್ಮ ಮನೆಯವರು ಆದವಾನಿಯ ಹತ್ತಿ ಮಿಲ್ಲಿನ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದರು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಊರಿಗೆ ಆ ಯಂತ್ರ ಹೊಸದು, ಇವರ ಜಂಬವೂ ಹೊಸದು. ಸಂಜೆ ಮನೆಗೆ ಬಂದರೆ ಕಾಲು ತೊಳೆಯುವ ಮೊದಲೇ ನನಗೆ ಪಾಠ ಶುರು.

"ಒಂದೇ ಕೆಲಸಾನ ಪ್ರತಿ ಪ್ರೋಗ್ರಾಂನ್ಯಾಗ ಮತ್ತ ಮತ್ತ ಬರೆಯೂದಿಲ್ಲ. ಒಂದು ಕಡೆ ಬರೆದು ಎಲ್ಲಾ ಪ್ರೋಗ್ರಾಂಗೂ ಅಂತ ಇಟ್ಟಿರ್ತೀವಿ. ಪ್ರೋಗ್ರಾಂನ್ಯಾಗ ಬರೇ ಅದರ ಹೆಸರು. ಓಡುವಾಗ ಆ ಹೆಸರು ಬಂತಂದ್ರ ಮಷಿನ್ನು ಹುಡುಕತದ. ಮೊದಲು ತಾನಿದ್ದ ಡೈರೆಕ್ಟರಿಯೊಳಗ, ಅಂದ್ರ ಆಗ ತೆರೆದಿಟ್ಟ ಕಪಾಟಿನೊಳಗ ಅನ್ನು, ಅಲ್ಲಿಲ್ಲಂದ್ರ ಎಲ್ಲಾದಕ್ಕೂ ಇಟ್ಟಿದ್ದರೊಳಗ. ಮೊದಲು ಯಾವುದು ಸಿಕ್ತೋ ಅದಕ್ಕೇ ಕೆಲಸ."

"ಗೊತ್ತಾತು ಬಿಡ್ರಿ," ಅಂದೆ. "ನೀವು ಕೂತಲ್ಲಿಂದ ಕಾಫಿ ಅಂತೀರಿ. ಹತ್ತಿರಿದ್ರ ಅತ್ತಿಯವರು ತರ್ತಾರ, ಇಲ್ಲಂದ್ರ ನಾನು. ಯಾರು ತಂದ್ರು ಅಂತ ಎಂದಾದ್ರೂ ತಲಿ ಎತ್ತಿ ನೋಡೀರೇನು?"

ಅವರು ತಲೆ ಎತ್ತಿ ನೋಡಿದರು. ಆಮೇಲೆ ಕಾಫಿ ಕೇಳಿದರು.

ನಮ್ಮ ಓಣಿಯ ಮಾಧ್ವರ ಮನೆಗಳಿಗೆಲ್ಲ ಏಕಾದಶಿ ಯಾವತ್ತೆಂದು ಹೇಳುವವರು ನಮ್ಮ ಮಾವನವರು. ಅಚ್ಚಿನ ಪಂಚಾಂಗದಲ್ಲಿರುವುದು ಬೇರೆ ಊರಿನ ಸೂರ್ಯೋದಯವೆಂದು ಅವರು ಆದವಾನಿಯ ಸೂರ್ಯನನ್ನೇ ಹಿಡಿದು ಗಣಿತ ಮಾಡುತ್ತಿದ್ದರು. ಆ ವರ್ಷ ಕಣ್ಣಿಗೆ ಪೊರೆ ಬಂದು ಅಂಕಿ ಕಾಣದಾದವು. ಕೊನೆಗೆ ಮಗನನ್ನು ಎದುರಿಗೆ ಕೂಡಿಸಿಕೊಂಡು ನಿಯಮವನ್ನೆಲ್ಲ ಹೇಳಿದರು: ಬೆಳಗಿನ ಜಾವಕ್ಕೆ ದಶಮಿ ಇನ್ನೂ ಉಳಿದಿದ್ದರೆ ಆ ದಿನ ನಮಗೆ ದಶಮಿಯೇ, ಉಪವಾಸ ಮರುದಿನ. ಇವರು ಅದನ್ನು ಪ್ರೋಗ್ರಾಂ ಮಾಡಿ, ದಿನ ನಿರ್ಧರಿಸುವ ತುಂಡನ್ನು ಎಲ್ಲಾದಕ್ಕೂ ಅಂತ ಇಟ್ಟ ಕಡೆ ಇಟ್ಟರು. ಅಪ್ಪ ತನ್ನನ್ನು ನಂಬಿದರಲ್ಲ ಎಂದು ಆ ವಾರವೆಲ್ಲ ಇವರ ಕಾಲು ನೆಲದ ಮೇಲಿರಲಿಲ್ಲ.

ಮೊದಲ ಕೆಲವು ಏಕಾದಶಿ ಸರಿಯಾಗಿಯೇ ಬಂದವು. ಅಷ್ಟರಲ್ಲಿ ಮಿಲ್ಲಿನ ಅಕೌಂಟೆಂಟ್ ತಮಗೂ ಒಂದು ಬೇಕೆಂದರು. ಅವರು ಸ್ಮಾರ್ತರು; ಸೂರ್ಯೋದಯಕ್ಕೆ ಏಕಾದಶಿ ಇದ್ದರೆ ಅವರಿಗೆ ಸಾಕು. ನಮ್ಮವರು ದಿನ ನಿರ್ಧರಿಸುವ ತುಂಡನ್ನಷ್ಟೇ ಬದಲಿಸಿ, ಹೆಸರು ಮಾತ್ರ ಹಳೆಯದನ್ನೇ ಉಳಿಸಿ, ಅವರ ಡೈರೆಕ್ಟರಿಯಲ್ಲಿಟ್ಟರು. ಮುಂದಿನ ಸಲ ನಮ್ಮ ಪ್ರೋಗ್ರಾಂ ಓಡಿಸಿದ್ದೂ ಅಲ್ಲಿಂದಲೇ. ಯಂತ್ರ ಹೆಸರು ಹುಡುಕಿತು, ಕಾಲಬುಡದಲ್ಲೇ ಸಿಕ್ಕಿತು. ಮಾಧ್ವರು ಕೇಳಿದ್ದಕ್ಕೆ ಸ್ಮಾರ್ತ ಉತ್ತರ.

ಓಣಿಗೆ ಓಣಿಯೇ ಉಪವಾಸ ಕೂತಿತು. ಹನಿ ನೀರೂ ಮುಟ್ಟದ ಅತ್ತೆಯವರು ಮಧ್ಯಾಹ್ನಕ್ಕೇ ಗೋಡೆಗೆ ಒರಗಿದ್ದರು. ಆಫೀಸಿನಲ್ಲಿ ಅಕೌಂಟೆಂಟ್ ಇವರನ್ನು ಕೇಳಿದರಂತೆ, "ಈ ಸಲ ನಿಮ್ಮದು ನಾಳೆ ಅಲ್ಲೇನ್ರಿ? ಪಂಚಾಂಗದಾಗ ಹಂಗೇ ಐತಲ್ಲ."

ಇವರು ಹುಡುಕಿ ನೋಡಿ, ಬೆವತು, ಇಳಿಹೊತ್ತಿಗೆ ಮನೆಗೆ ಬಂದು ಅಪ್ಪನ ಮುಂದೆ ನಿಂತು ಎಲ್ಲ ಹೇಳಿದರು. ಇವತ್ತು ದಶಮಿ. ಅಂದರೆ ಮಧ್ಯಾಹ್ನ ಒಂದೂಟ ಮಾಡಬಹುದಿತ್ತು, ಆ ಹೊತ್ತು ಮೀರಿತ್ತು. ದಶಮಿಯ ರಾತ್ರಿ ನಾವು ಉಣ್ಣುವುದಿಲ್ಲ. ನಾಳೆ ನಿಜವಾದ ಉಪವಾಸ. ಅತ್ತೆಯವರು ಒಂದು ಲೋಟ ನೀರು ಕುಡಿದು, "ನಾ ತಡೀತೀನಿ," ಅಂದರು. ನನಗೆ ಹೆದರಿಕೆಯಾಯಿತು, ಗಂಡನ ಮೇಲೆ ಕೆಟ್ಟ ಸಿಟ್ಟೂ ಬಂತು. ಓಣಿಗೆ ಹೇಳದಿದ್ದರೆ ಎಲ್ಲರೂ ಏಕಾದಶಿಯ ದಿನವೇ ಉಣ್ಣುತ್ತಾರೆ. ಹೇಳಿದರೆ ಮಾವನವರ ಮಾತಿಗೆ ಇಷ್ಟು ವರ್ಷ ಇದ್ದ ಬೆಲೆ ಹೋಗುತ್ತದೆ.

ಮಾವನವರು ಮಗನ ಭುಜ ಹಿಡಿದು ಹೊರಟರು. ನಾನೂ ಹಿಂದೆ ಹೋದೆ. ಪ್ರತಿ ಬಾಗಿಲಲ್ಲೂ ಅದೇ ಮಾತು: "ನನ್ನ ಲೆಕ್ಕ ತಪ್ಪಿತು. ಉಪವಾಸ ನಾಳೆ." ಕೆಲವರು ನಕ್ಕರು, ಕೆಲವರು ಮುಖ ಗಂಟು ಹಾಕಿಕೊಂಡರು. ಕೊನೆಯ ಮನೆಯ ಅಜ್ಜಿ ಅಷ್ಟಕ್ಕೆ ಬಿಡಲಿಲ್ಲ; ಇವರ ಕಡೆ ಬೆರಳು ತೋರಿಸಿ ತನ್ನ ತೆಲುಗು ಬೆರೆತ ಮಾತಿನಲ್ಲಿ ಕೇಳಿದಳು.

"ಏನ್ರಿ ಆಚಾರ್ರ, ಇದು ನಿಮ್ಮ ಅಬ್ಬಾಯಿ ಮಷಿನ್ನು ಮಾಡಿದ್ದು ಕದಾ?"

"ಅದಕ್ಕ ಹೇಳಿಕೊಟ್ಟಾಂವ ನಾನವ್ವಾ," ಅಂದರು ಮಾವನವರು.

ತಿರುಗಿ ಬರುವಾಗ ಮಗನಿಗೆ ಹೇಳಿದ್ದು ಇಷ್ಟೇ: "ನಮ್ಮದಕ್ಕ ಬ್ಯಾರೆ ಹೆಸರಿಡು. ಬರೋ ಏಕಾದಶಿನೂ ನೀನೇ ಹೇಳಬೇಕು. ನನಗ ಕಾಣೂದಿಲ್ಲ."

ಇವರು ಅಡುಗೆಮನೆಗೆ ಬಂದು ನನ್ನ ಕಡೆ ಬೆನ್ನು ಮಾಡಿ ಅತ್ತರು. ನಾಳೆ ನೀರೂ ಇಲ್ಲ, ಇವತ್ತೇ ಅತ್ತು ಮುಗಿಸಿಬಿಡ್ರಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅವರ ಬೆನ್ನ ಮೇಲೆ ಕೈಯಿಟ್ಟು ನಿಂತೆ.