ಸ್ಪಾಸ್ ಮಾಮನ ಕಾರು ಕಾವಲು
ಬೀಗ ಮಾರುವ ನನಗೆ ಭಯಸ್ಥರೇ ಅನ್ನದಾತರು. ಅವರಲ್ಲಿ ಸ್ಪಾಸ್ ಮಾಮ ಮೊದಲಿಗ. ನಮ್ಮ ಪ್ಲೊವ್ದಿವ್‌ನ ಕಳ್ಳರು ಮನೆಯೊಳಗಿನ ರಿಮೋಟ್ ಕೀಲಿಯ ಸಂಕೇತವನ್ನು ಹೊರಗಿನಿಂದಲೇ ಹಿಡಿದು ಕಾರು ತೆರೆಯುತ್ತಾರೆಂದು ಕೇಳಿದ್ದೇ ತಡ, ಸಂಕೇತ ಹೊರಬೀಳದಿರಲೆಂದು ಕೀಲಿಯನ್ನು ಚೀಸಿನ ತಗಡಿನ ಡಬ್ಬಿಗೆ ಸೇರಿಸಿದ. ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಕಾರಿನ ಬಾಗಿಲು ಜಗ್ಗುತ್ತಾನೆ. ತೆರೆಯದಿದ್ದರೆ ಮೊಮ್ಮಗ ಹುಟ್ಟಿದಷ್ಟು ಹಿಗ್ಗುತ್ತಾನೆ. ಸ್ಟೇರಿಂಗಿಗೆ ಕೊಟ್ಟ ಬೀಗ ಸಾಲದೆ ಚಕ್ರಕ್ಕೂ ಸರಪಳಿ ಕೇಳಿದ. "ಜೊತೆಗೆ ನಿನ್ನನ್ನೂ ಕಟ್ಟಿಹಾಕ್ಲಾ ಮಾಮ? ಕಾರು ಹೋದ್ರೆ ವಿಮೆಯೋರು ದುಡ್ಡು ಕೊಡಲ್ವಾ?" ಎಂದೆ. "ಕೊಡ್ತಾರೆ ಕಣೋ, ನಿಧಾನಕ್ಕೆ. ನಿಮ್ಮತ್ತೆಗೆ ದಿನ ಬಿಟ್ಟು ದಿನ ಡಯಾಲಿಸಿಸ್. ಬೆಳಗಾಗೆದ್ದು ನೋಡಿದಾಗ ಕಾರಿಲ್ಲ ಅಂದ್ರೆ, ನಡೆಯೋಕಾಗದ ಅವಳನ್ನ ಹೆಗಲ ಮೇಲೆ ಹೊತ್ಕೊಂಡ್ಹೋಗ್ಲಾ?" ಇದ್ದುದರಲ್ಲೇ ಗಟ್ಟಿಯಾದ ಸರಪಳಿ ಹುಡುಕಿ, ಅಂಗಡಿಯ ಬಾಗಿಲೆಳೆದು, ಅದನ್ನು ಬಿಗಿಯಲು ನಾನೇ ಅವನ ಜೊತೆ ಹೊರಟೆ.